ಮಳೆಗಾಲದ ಬಂಗಡೆ, ಬೇಸಿಗೆಯ ಕೆಲಸ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ನಮ್ಮ ಅಂಕೋಲಾ ಕಡೆ ಹಸಿ ಮೀನು ಸಿಕ್ಕರೂ ಕೈಗೆಟುಕುವುದಿಲ್ಲ. ಒಣಮೀನಿನ ದರವೂ ಏರಿರುತ್ತದೆ. ಮನೆಯಲ್ಲಿ ಐದು ಜನ. ಕುಚ್ಚಲಕ್ಕಿ ಗಂಜಿಯ ಜೊತೆ ಒಂದು ತುಂಡು ಮೀನಾದರೂ ಬೇಕು. ಆರು ವರ್ಷದಿಂದ ನಾನೇ ಬಂಗಡೆ ಒಣಗಿಸಿಕೊಳ್ಳುತ್ತಿದ್ದೇನೆ.

ಬಂಗಡೆ ಅಗ್ಗವಾಗುವುದು ದೀಪಾವಳಿ ಕಳೆದ ಮೇಲೆ. ಆಗಲೇ ಒಣಗಿಸಿದರೆ ಜುಲೈ ಹೊತ್ತಿಗೆ ಅದರ ಎಣ್ಣೆ ಕಮಟಿ ಹಳದಿಯಾಗುತ್ತದೆ. ಅದಕ್ಕೇ ನಾನು ಏಪ್ರಿಲ್ ಕೊನೆಯವರೆಗೆ ಕಾಯುತ್ತೇನೆ. ಬಲೆಗೆ ಜಾಸ್ತಿ ಬಿದ್ದ ದಿನ ಬೆಳಿಗ್ಗೆ ಬೇಲೆಕೇರಿ ಬಂದರಿಗೆ ಹೋಗಿ 10 ಕೆಜಿ ತರುತ್ತೇನೆ, ಮಂಜುಗಡ್ಡೆಯ ಜೊತೆಗೇ.

ಈ ಮಂಜುಗಡ್ಡೆಯ ವಿಷಯ ಸ್ವಲ್ಪ ಹೇಳಬೇಕು. ಮೊದಲ ವರ್ಷ 50 ರೂಪಾಯಿ ಉಳಿಸೋಣ ಅಂತ ಸುಮ್ನೆ ಬುಟ್ಟಿಯಲ್ಲೇ ತಂದೆ. ಬಸ್ಸು ತಡವಾಯಿತು, ಮೀನು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತಿತು. ನೋಡಲು ಚೆನ್ನಾಗಿಯೇ ಇತ್ತು. ತಿಂದ ಅರ್ಧ ಗಂಟೆಯಲ್ಲಿ ಮಗನ ಮುಖ ಕೆಂಪಾಯಿತು, ನಾಲಿಗೆ ಉರಿಯಿತು, ಮೈಯೆಲ್ಲ ತುರಿಕೆ. ಬಂಗಡೆ ಬಿಸಿಗೆ ಸಿಕ್ಕರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಹುಟ್ಟುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಒಮ್ಮೆ ಹುಟ್ಟಿದ ಮೇಲೆ ಉಪ್ಪು ಹಾಕಿದರೂ ಹೋಗದು, ಹುರಿದರೂ ಹೋಗದು. ಆ ಸಲದ ಅಷ್ಟೂ ಮೀನು ಹೂಳಿದೆ.

ಮನೆಗೆ ಬಂದ ಕೂಡಲೇ ಕೊಯ್ಯಲು ಕೂರುತ್ತೇನೆ. ಹೊಟ್ಟೆ ಸೀಳುವುದಲ್ಲ, ಬೆನ್ನಿನ ಕಡೆಯಿಂದ ಬಾಲದಿಂದ ತಲೆಯವರೆಗೆ ಸೀಳಿ ಪುಸ್ತಕದ ಹಾಗೆ ಬಿಡಿಸಬೇಕು. ಬೆನ್ನಿನ ಮಾಂಸವೇ ದಪ್ಪ, ಅಲ್ಲಿಗೇ ಉಪ್ಪು ಇಳಿಯಬೇಕು ಅಲ್ವಾ? ಕಿವಿರು, ಕರುಳು, ಹೊಟ್ಟೆಯೊಳಗಿನ ಕಪ್ಪು ಪೊರೆ, ಮುಳ್ಳಿನ ಗುಂಟ ಕಟ್ಟಿದ ರಕ್ತ, ಎಲ್ಲ ತೆಗೆಯುತ್ತೇನೆ. ಆ ರಕ್ತ ಉಳಿದರೆ ವಾಸನೆ ಅಲ್ಲಿಂದಲೇ ಶುರು.

ಉಪ್ಪು ಗೋಕರ್ಣದ ಹತ್ತಿರದ ಸಾಣಿಕಟ್ಟಾದ್ದು. ನಾಲ್ಕು ಪಾಲು ಮೀನಿಗೆ ಒಂದು ಪಾಲು. ಎರಡನೇ ವರ್ಷ ಮೀನಿನ ಮೇಲೆ ಗುಲಾಬಿ ಬಣ್ಣದ ಲೋಳೆ ಬಂದಿತ್ತು. ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳ ಕೆಲಸ ಅದು. ಈಗ ಉಪ್ಪನ್ನು ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಆರಿಸಿ, ಆಮೇಲೆ ಬಳಸುತ್ತೇನೆ. ಮತ್ತೆ ಬಂದಿಲ್ಲ.

ಟಬ್ಬಿನಲ್ಲಿ ಒಂದು ಪದರ ಉಪ್ಪು, ಒಂದು ಪದರ ಮೀನು. ಮೇಲೆ ಹಲಗೆ, ಅದರ ಮೇಲೆ ಒರಳುಗುಂಡು. ನೀರು ಹಾಕಬಾರದು, ಮೀನೇ ನೀರು ಬಿಡುತ್ತದೆ. ಒಂದು ದಿನ ಬಿಟ್ಟು ತೆಗೆದು, ಅದೇ ಉಪ್ಪುನೀರಲ್ಲಿ ಅದ್ದಿ ಹರಳು ಉದುರಿಸುತ್ತೇನೆ.

ಅಂಗಳದ ನೆಲದ ಮೇಲೆ ಹರವುವುದಿಲ್ಲ. ಬಿದಿರಿನ ಅಟ್ಟ ಕಟ್ಟಿ ಹಳೇ ಬಲೆ ಬಿಗಿದಿದ್ದೇನೆ. ಅಡಿಯಿಂದಲೂ ಗಾಳಿ ಆಡುತ್ತದೆ, ಮರಳು ಹತ್ತುವುದಿಲ್ಲ. ನೊಣಕ್ಕೆ ಮೇಲೊಂದು ಸೊಳ್ಳೆಪರದೆ. ಸಂಜೆ ಒಳಗೆ ತಂದು ಒಂದರ ಮೇಲೊಂದು ಜೋಡಿಸಿ ಭಾರ ಇಡುತ್ತೇನೆ. ರಾತ್ರಿಯೆಲ್ಲ ಒಳಗಿನ ತೇವ ಹೊರಗೆ ಬರುತ್ತದೆ, ಮರುದಿನದ ಬಿಸಿಲು ಅದನ್ನು ಎಳೆದುಕೊಳ್ಳುತ್ತದೆ. ಮೂರರಿಂದ ನಾಲ್ಕು ದಿನ. ದಪ್ಪ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿದರೆ ಗುಳಿ ಬೀಳಬಾರದು.

10 ಕೆಜಿ ಕೊನೆಗೆ 4 ಕೆಜಿಯ ಆಸುಪಾಸು ಆಗುತ್ತದೆ. ಕಳೆದ ವರ್ಷ ಮೀನು, ಉಪ್ಪು, ಮಂಜುಗಡ್ಡೆ, ಬಸ್ಸು ಸೇರಿ 1,150 ರೂಪಾಯಿ. ಅಂದರೆ ಕೆಜಿಗೆ 290ರ ಹತ್ತಿರ. ಜುಲೈನಲ್ಲಿ ಸಂತೆಯಲ್ಲಿ ಕೇಳಿದಾಗ 450 ಹೇಳಿದ್ದರು, ಅದೂ ಮರಳು ಮೆತ್ತಿದ್ದು.

ಅರ್ಧ ಅರ್ಧ ಕೆಜಿ ಮಾಡಿ ಗಾಳಿಯಾಡದ ಚೀಲದಲ್ಲಿ ಕಟ್ಟಿ ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಮಳೆ ಬಿಟ್ಟು ಬಿಸಿಲು ಕಂಡ ದಿನ ಇಳಿಸಿ ಒಮ್ಮೆ ನೋಡುತ್ತೇನೆ. ಸಾರು ಮಾಡುವ ಮೊದಲು ಅರ್ಧ ಗಂಟೆ ನೀರಲ್ಲಿ ನೆನೆಸಬೇಕು. ಕೆಂಡದಲ್ಲಿ ಸುಡುವುದಾದರೆ ಬರೀ ಒರೆಸಿದರೆ ಸಾಕು, ಮೇಲೆ ನಾಲ್ಕು ಹನಿ ತೆಂಗಿನೆಣ್ಣೆ.