ಹಳೆಯ ಬಿಬಿಸಿ ಮೈಕ್ರೋ ಕಂಪ್ಯೂಟರಿನ ಪವರ್ ಸಪ್ಲೈ ದುರಸ್ತಿ

ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಬಿಬಿಸಿ ಮೈಕ್ರೋ, ಶಾಲಾಮಕ್ಕಳಿಗೆ ಕಂಪ್ಯೂಟರ್ ಕಲಿಸಲು 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯ ಮೂಲಕ ಭಾರತದ ಶಾಲೆಗಳಿಗೂ ಬಂದಿತು. ಅಂಥದೊಂದು ಯಂತ್ರ ಯಾವುದೋ ಉಗ್ರಾಣದಿಂದ ನಿಮ್ಮ ಕೈಸೇರಿದರೆ, ಓಡುತ್ತದೆಯೇ ನೋಡೋಣವೆಂದು ತಕ್ಷಣ ಪ್ಲಗ್ಗಿಗೆ ಸಿಕ್ಕಿಸಬೇಡಿ. ಮೊದಲು ಪವರ್ ಸಪ್ಲೈ ಬಿಚ್ಚಿ ನೋಡಬೇಕು.

ಈ ಯಂತ್ರಗಳಲ್ಲಿ ಬಳಸಿದ, ಆಸ್ಟೆಕ್ ತಯಾರಿಕೆಯ ಸ್ವಿಚ್ ಮೋಡ್ ಪವರ್ ಸಪ್ಲೈಗಳಲ್ಲಿ, ಮೇನ್ಸ್ (ಗೋಡೆಯ ಪ್ಲಗ್ಗಿನ ವಿದ್ಯುತ್) ಒಳಬರುವ ಕಡೆ, ಪಾರದರ್ಶಕ ಹಳದಿ ಹೊದಿಕೆಯ ರೀಫಾ ಕಂಪನಿಯ ಕೆಪಾಸಿಟರ್‌ಗಳಿರುತ್ತವೆ. ವರ್ಷಗಳು ಕಳೆದಂತೆ ಈ ಹೊದಿಕೆಯಲ್ಲಿ ಕೂದಲೆಳೆಯ ಬಿರುಕುಗಳು ಮೂಡಿ, ಒಳಗಿನ ಕಾಗದ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಇಟ್ಟಿದ್ದ ಯಂತ್ರಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಂಥ ಕೆಪಾಸಿಟರಿಗೆ 230 ವೋಲ್ಟ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಸಿಡಿದು, ಕೋಣೆ ತುಂಬ ಕಟುವಾಸನೆಯ ಹೊಗೆ ಏಳಬಹುದು. ಹಾಗಾದರೂ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ, ಏಕೆಂದರೆ ಈ ಕೆಪಾಸಿಟರ್‌ಗಳ ಕೆಲಸ ವಿದ್ಯುತ್ ಗದ್ದಲವನ್ನು ಸೋಸುವುದಷ್ಟೇ. ಅವು ಸುಟ್ಟರೂ ಉಳಿದ ಭಾಗಗಳು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತವೆ.

ಪ್ಲಗ್ ತೆಗೆದು, ಮೇಲ್ಮುಚ್ಚಳ ಬಿಚ್ಚಿದ ಮೇಲೆ, ಕಂಪ್ಯೂಟರಿನ ಮುಖ್ಯ ಬೋರ್ಡಿಗೆ ಹೋಗುವ ತಂತಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕೆಂಪು ತಂತಿಗಳು +5 ವೋಲ್ಟ್, ಕಪ್ಪು ತಂತಿಗಳು ಸೊನ್ನೆ, ನೇರಳೆ ತಂತಿ −5 ವೋಲ್ಟ್. ಮರುಜೋಡಿಸುವಾಗ ಇವು ಅದಲುಬದಲಾದರೆ ಚಿಪ್‌ಗಳು ಸುಟ್ಟುಹೋಗುತ್ತವೆ. ಪವರ್ ಸಪ್ಲೈಯ ಒಳಗಿನ ದೊಡ್ಡ ಕೆಪಾಸಿಟರ್ ಸುಮಾರು 325 ವೋಲ್ಟ್ ಡಿಸಿ ಹಿಡಿದಿಡುವಂಥದು. ಅದನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ತೀರಾ ಕೆಟ್ಟದ್ದು. 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ತಂತಿಗಳನ್ನು ಬೆಸೆದು, ಅದರ ಮೂಲಕ ಚಾರ್ಜ್ ಇಳಿಸಿ, ಮೀಟರಿನಿಂದ ಅಳೆದು ಖಚಿತಪಡಿಸಿಕೊಂಡ ನಂತರವೇ ಕೈ ಹಾಕಿ. ಈ ಹಂತದಲ್ಲಿ ಅಳುಕಿದ್ದರೆ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಜೊತೆಗಿಟ್ಟುಕೊಳ್ಳುವುದೇ ಸರಿ.

ಬದಲಾಯಿಸಬೇಕಾದ ರೀಫಾ ಕೆಪಾಸಿಟರ್‌ಗಳು 0.1 ಮೈಕ್ರೋಫ್ಯಾರಡ್‌ನ ಸಿ1 ಮತ್ತು 0.01 ಮೈಕ್ರೋಫ್ಯಾರಡ್‌ನ ಸಿ2. ಇವುಗಳ ಜಾಗಕ್ಕೆ ಎಕ್ಸ್2 ದರ್ಜೆಯ (ಮೇನ್ಸ್‌ಗೆ ಅಡ್ಡಲಾಗಿ ಹಾಕಲೆಂದೇ ತಯಾರಾದ), 275 ವೋಲ್ಟ್ ಎಸಿಯ ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಳನ್ನೇ ಹಾಕಬೇಕು. ಮೇನ್ಸ್‌ಗೆ ಅಡ್ಡಲಾಗಿ ಸಾಮಾನ್ಯ ಕೆಪಾಸಿಟರ್ ಹಾಕಿದರೆ ಬೆಂಕಿಯ ಅಪಾಯವಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಳ್ಳುವವರು, ಕಾಲುಗಳ ನಡುವಿನ ಅಂತರ ಹೊಂದಿಸಲು ಹಳೆಯ ಬಿಡಿಭಾಗವನ್ನು ಜೊತೆಗೊಯ್ಯುವುದು ಒಳ್ಳೆಯದು. 220 ಮೈಕ್ರೋಫ್ಯಾರಡ್‌ನ ಸಿ9 ಎಲೆಕ್ಟ್ರೊಲಿಟಿಕ್ ಕೂಡ ಮುಪ್ಪಾಗಿರುವುದರಿಂದ ಅದನ್ನೂ ಅದೇ ಸಲ ಬದಲಾಯಿಸಿ, ಸಿಡಿದ ಕಲೆಗಳಿದ್ದರೆ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ.

ಪರೀಕ್ಷೆಗೆ ಬೋರ್ಡನ್ನು ಜೋಡಿಸಬೇಡಿ. ಹಾಗೆಂದು ಲೋಡ್ ಇಲ್ಲದೆಯೂ ಚಾಲೂ ಮಾಡಬಾರದು. ಕಾರಿನ ಇಂಡಿಕೇಟರಿನ 12 ವೋಲ್ಟ್, 21 ವ್ಯಾಟ್‌ನ ಬಲ್ಬನ್ನು ಕೆಂಪು–ಕಪ್ಪು ತಂತಿಗಳ ನಡುವೆ ಕಟ್ಟಿದರೆ ಸಾಕಷ್ಟು ಲೋಡ್ ಸಿಗುತ್ತದೆ. ಮೇನ್ಸ್ ಕಡೆ 60 ವ್ಯಾಟ್‌ನ ಹಳೆಯ ಬಗೆಯ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ: ಅದು ಕ್ಷಣಮಾತ್ರ ಮಿನುಗಿ ಮಂದವಾದರೆ ಸರಿ, ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಮಂದವಾದರೆ ಸ್ವಿಚ್ ಆರಿಸಿ, ಸೀರೀಸ್ ಬಲ್ಬ್ ತೆಗೆದು, ನೇರ ಮೇನ್ಸ್‌ನಲ್ಲಿ ಅಳೆಯಿರಿ. ಕೆಂಪು ತಂತಿಯಲ್ಲಿ 4.75ರಿಂದ 5.25 ವೋಲ್ಟ್ ಸ್ಥಿರವಾಗಿ ಬಂದರೆ ಮಾತ್ರ ಬೋರ್ಡಿಗೆ ಜೋಡಿಸಬಹುದು.

ಆಗ ಗಿಡ್ಡ ಜೋಡಿಸ್ವರ ಕೇಳಿ, ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು ಮೂಡಬೇಕು. ವೋಲ್ಟೇಜ್ ಸರಿಯಿದ್ದೂ ಒಂದೇ ಸ್ವರ ನಿಲ್ಲದೆ ಕೂಗುತ್ತಿದ್ದರೆ, ಪ್ರೊಸೆಸರ್ ಕೆಲಸ ಆರಂಭಿಸಿಲ್ಲ. ದೋಷವನ್ನು ಇನ್ನು ಬೋರ್ಡಿನಲ್ಲೇ ಹುಡುಕಬೇಕು.