ಆನೆಕಾಲು: ಬೆರಳಸಂದಿಯಿಂದ ಶುರುವಾಗಲಿ ಆರೈಕೆ

ನಮ್ಮ ಸೋದರತ್ತೆಯ ಎಡಗಾಲು ಊದಿಕೊಂಡಿತ್ತು. ಮದುವೆಮನೆಗೆ ಹೋದರೆ ಸೀರೆ ನೆರಿಗೆ ಎಳೆದು ಪಾದ ಮುಚ್ಚಿಕೊಂಡೇ ಕೂರುತ್ತಿದ್ದರು. ವರ್ಷಕ್ಕೆ ಮೂರ್ನಾಲ್ಕು ಸಲ ಚಳಿಜ್ವರ ಬಂದು ಕಾಲು ಕಾದ ಹೆಂಚಿನಂತಾಗುತ್ತಿತ್ತು. ಜ್ವರ ಇಳಿದ ಮೇಲೆ ಊತ ಇನ್ನಷ್ಟು ಉಳಿಯುತ್ತಿತ್ತು. ಎಲ್ಲಾ ಹುಳದ ಕಾಟ ಅಂತಲೇ ನಂಬಿದ್ದೆವು. ಆದರೆ ಆ ಜ್ವರಕ್ಕೆ ದಾರಿ ಸಾಮಾನ್ಯವಾಗಿ ಬೆರಳಸಂದಿಯ ಬಿರುಕು. ಅಲ್ಲಿಂದ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ.

ರಕ್ತನಾಳದಿಂದ ಹೊರಗೆ ಜಿನುಗಿದ ನೀರಿನಂಶವನ್ನು ವಾಪಸ್ ಒಯ್ಯುವುದು ದುಗ್ಧನಾಳಗಳ ಕೆಲಸ. ಚರಂಡಿ ಕಟ್ಟಿಕೊಂಡರೆ ಬಚ್ಚಲಲ್ಲಿ ನೀರು ನಿಲ್ಲುತ್ತದೆ ಅಲ್ವಾ, ಈ ನಾಳಗಳು ಕೆಟ್ಟರೆ ಕಾಲು ಊದುವುದೂ ಹಾಗೇ. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳ ದುಗ್ಧಗ್ರಂಥಿ ತೆಗೆದವರಿಗೆ ಕೈ ಊದುವುದೂ ಇದೇ ಕಾರಣಕ್ಕೆ. ಕಲಬುರಗಿ, ಯಾದಗಿರಿ ಕಡೆ ಮತ್ತು ಕರಾವಳಿಯಲ್ಲಿ ಹಳೇ ಕಾರಣ ಫೈಲೇರಿಯಾ ಹುಳ. ಕೊಳಕು ನೀರಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹರಡುತ್ತದೆ. ಮರಿಹುಳಗಳು ರಕ್ತದಲ್ಲಿ ಓಡಾಡುವುದು ರಾತ್ರಿ ಹೊತ್ತು, ಅದಕ್ಕೇ ರಕ್ತ ತೆಗೆಯಲು ಆರೋಗ್ಯ ಕಾರ್ಯಕರ್ತರು ರಾತ್ರಿ ಬರುತ್ತಾರೆ. ಅವರು ಮನೆಮನೆಗೆ ತಂದು ಕೊಡುವ ಡಿಇಸಿ, ಅಲ್ಬೆಂಡಜೋಲ್ ಮಾತ್ರೆ ನುಂಗಿ. ಗರ್ಭಿಣಿಯರಿಗೆ, 2 ವರ್ಷದೊಳಗಿನ ಮಕ್ಕಳಿಗೆ, ತೀವ್ರ ಕಾಯಿಲೆ ಇರುವವರಿಗೆ ಮಾತ್ರ ಅದು ಬೇಡ. ಮಾತ್ರೆಯಿಂದ ರೋಗ ಹರಡುವುದು ನಿಲ್ಲುತ್ತದೆಯೇ ಹೊರತು, ಹಳೇ ಊತ ಇಳಿಯುತ್ತದೆ ಅಂದುಕೊಳ್ಳಬೇಡಿ.

ಮೊದಲು ಡಾಕ್ಟರಿಗೆ ತೋರಿಸಿ. ಹೃದಯ, ಕಿಡ್ನಿ ತೊಂದರೆಯಿಂದಲೂ ಕಾಲು ಊದುತ್ತದೆ. ರಾತ್ರಿ ಮಲಗಿ ಎದ್ದಾಗ ಊತ ಪೂರ್ತಿ ಇಳಿದಿದ್ದರೆ ಇನ್ನೂ ಆರಂಭದ ಹಂತ, ಒಳ್ಳೇ ಸುದ್ದಿ.

ಇನ್ನು ತೊಳೆಯುವ ಕೆಲಸ. ಒಂದು ಟಬ್, ಚೊಂಬು, ಮೈಸೋಪು, ಮೆತ್ತನೆ ಟವೆಲ್ ಸಾಕು. (ಕೆಲವು ಕಡೆ ಆರೋಗ್ಯ ಇಲಾಖೆಯೇ ಕಿಟ್ ಕೊಡುತ್ತದೆ. ಆ ಟಬ್ ಬಟ್ಟೆ ನೆನೆಹಾಕಲು ಹೋಗದಂತೆ ನೋಡಿಕೊಳ್ಳಿ!) ಬಿಸಿನೀರು ಬೇಡ, ತಣ್ಣೀರೇ ಇರಲಿ. ಮೊದಲು ಚರ್ಮದ ಮೇಲೆ ಗಾಯ, ಬಿರುಕು ಇದೆಯಾ ನೋಡಿ. ಊತ ಶುರುವಾಗುವ ಮೇಲಿನ ಜಾಗದಿಂದ ಸೋಪು ಹಚ್ಚುತ್ತಾ ಕೆಳಗೆ ಬನ್ನಿ. ಬ್ರಶ್ಶು, ತೆಂಗಿನ ನಾರು ತಾಗಿಸಬೇಡಿ. ಚರ್ಮದ ಮಡಿಕೆಗಳ ಒಳಗೆ ಬೆರಳು ಹಾಕಿ ಮೆಲ್ಲಗೆ ಉಜ್ಜಿ. ಬೆರಳು ಹೋಗದಷ್ಟು ಸಂದಿ ಬಿಗಿಯಾಗಿದ್ದರೆ ಹಳೇ ಪಂಚೆಯ ಒಂದು ಪಟ್ಟಿ ಹರಿದು, ಒದ್ದೆ ಮಾಡಿ, ಆಚೆಯಿಂದ ಈಚೆ ಹಗುರಾಗಿ ಎಳೆಯಿರಿ. ನೀರು ತಿಳಿಯಾಗುವ ತನಕ ತೊಳೆಯಿರಿ. ಇನ್ನೊಂದು ಕಾಲನ್ನೂ ತೊಳೆಯಿರಿ.

ಜಾಸ್ತಿ ಜನ ಎಡವುವುದು ಒರೆಸುವಾಗ. ಟವೆಲ್ ಒತ್ತಿ ತೆಗೆಯಬೇಕು, ಉಜ್ಜಬಾರದು. ಸಂದಿಗಳಿಗೆ ಒಣ ಹತ್ತಿಬಟ್ಟೆ ಇಟ್ಟು ಪಸೆ ಹೀರಿಸಿ, ಐದು ನಿಮಿಷ ಫ್ಯಾನಿಗೆ ಕಾಲೊಡ್ಡಿ ಕೂರಿ. ಸಂದಿಯಲ್ಲಿ ಬಿಳಿ ಪೊರೆ, ತುರಿಕೆ ಇದ್ದರೆ ಡಾಕ್ಟರ್ ಬರೆದುಕೊಟ್ಟ ಫಂಗಸ್ ಮುಲಾಮು ಹಚ್ಚಿ.

ಉಳಿದದ್ದು ಸುಲಭ. ಕೂತಾಗ ಕಾಲನ್ನು ಸೊಂಟದ ಮಟ್ಟಕ್ಕೆ ಎತ್ತಿಡಿ, ರಾತ್ರಿ ಹಾಸಿಗೆಯ ಕಾಲಿನ ಭಾಗದ ಕೆಳಗೆ ದಿಂಬು ತುರುಕಿ. ಹೃದ್ರೋಗ ಇದ್ದರೆ ಕೇಳಿಕೊಂಡು ಮಾಡಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಪಾದ ತಿರುಗಿಸಿ. ಊತ ತಗ್ಗಲು ಕಾಲಿಗೆ ಸುತ್ತುವ ಒತ್ತುಪಟ್ಟಿ ಕಟ್ಟುವುದನ್ನು ತಿಳಿದವರ ಕೈಯಲ್ಲೇ ಕಲಿಯಿರಿ, ಮೆಡಿಕಲ್ ಶಾಪಿನಿಂದ ಸುಮ್ನೆ ಒಂದು ತಂದು ಬಿಗಿಯಬೇಡಿ. ಕಾಸರಗೋಡಿನ ಅನ್ವಯಿಕ ಚರ್ಮರೋಗ ಸಂಸ್ಥೆ ಈ ಪಟ್ಟಿಯ ಜೊತೆ ಯೋಗ, ಆಯುರ್ವೇದವನ್ನೂ ಸೇರಿಸಿ ಚಿಕಿತ್ಸೆ ಕೊಡುತ್ತದೆ.

ಕಾಲು ಕೆಂಪೇರಿ ಚಳಿಜ್ವರ ಬಂತೋ, ವ್ಯಾಯಾಮ, ಪಟ್ಟಿ ಎಲ್ಲಾ ನಿಲ್ಲಿಸಿ. ಮಲಗಿ, ತಣ್ಣೀರು ಬಟ್ಟೆ ಹಾಕಿ, ನೀರು ಚೆನ್ನಾಗಿ ಕುಡಿಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ. ಆಂಟಿಬಯಾಟಿಕ್ ಬೇಕಾಗಬಹುದು. ಆ ಹೊತ್ತಲ್ಲಿ ಶಾಖ ಕೊಡಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ನಮ್ಮತ್ತೆಗೆ ನಾವು ಪ್ರತಿ ಸಲವೂ ಮಾಡುತ್ತಿದ್ದದ್ದು ಅದನ್ನೇ.