ಓಟದ ಹಳೆಯ ಪದಕಗಳನ್ನು ಕಾಪಾಡುವ ಬಗೆ

ಕಾಲೇಜಿನ ಕ್ರೀಡಾಕೂಟದಲ್ಲೋ ಮೈಸೂರಿನ ದಸರಾ ಕೂಟದಲ್ಲೋ ಗೆದ್ದ ಪದಕಗಳನ್ನು ಟ್ರಂಕಿನಿಂದ ಹೊರತೆಗೆದು, ಅವು ಕಪ್ಪಾಗಿರುವುದನ್ನು ಕಂಡಾಗ ಕೈ ತಾನಾಗಿ ಹುಣಸೆಹಣ್ಣಿನತ್ತ ಹೋಗುತ್ತದೆ, ದಯವಿಟ್ಟು ಉಜ್ಜಬೇಡಿ. ಇಂಥ ಪದಕಗಳಲ್ಲಿ ಅನೇಕವು ಹಿತ್ತಾಳೆಯ ಅಥವಾ ಸತುವಿನ ಮಿಶ್ರಲೋಹದ ಮೇಲೆ ತೆಳುವಾದ ಲೇಪ ಕೊಟ್ಟವಾಗಿದ್ದು, ಹುಳಿ ಮತ್ತು ತಿಕ್ಕಾಟ ಆ ಲೇಪವನ್ನೇ ಕಿತ್ತುಹಾಕುತ್ತವೆ. ನನ್ನ 800 ಮೀಟರ್ ಓಟದ ಪದಕವನ್ನು ಹಾಗೆ ಉಜ್ಜಿದಾಗ, ಅದರ ಮೇಲಿದ್ದ ಓಟಗಾರನ ಮುಖ ಮಾಸಿ ಒಳಗಿನ ಹಳದಿ ಹಿತ್ತಾಳೆ ಇಣುಕಿದ ನೋವು ಇಂದಿಗೂ ಆರಿಲ್ಲ.

ಒಣಗಿದ ಮೆತ್ತನೆಯ ಹತ್ತಿಬಟ್ಟೆಯಿಂದ ಧೂಳನ್ನಷ್ಟೇ ಒರೆಸಿ, ಒಂದೊಂದನ್ನೂ ಆಮ್ಲರಹಿತ ಕಾಗದದಲ್ಲಿ ಬೇರೆಬೇರೆಯಾಗಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಕರಾವಳಿ, ಮಲೆನಾಡುಗಳ ಮಳೆಗಾಲಕ್ಕೆ ಇದು ಬಹಳ ಮುಖ್ಯ. ಪಿವಿಸಿ ಪ್ಲಾಸ್ಟಿಕ್ಕಿನ ಕವರುಗಳು ಬೇಡ, ಅವು ಕಾಲಕ್ರಮೇಣ ಲೋಹಕ್ಕೂ ರಿಬ್ಬನ್ನಿಗೂ ಹಾನಿ ಮಾಡುತ್ತವೆ.

ಲೋಹಕ್ಕಿಂತ ಬೇಗ ಸವೆಯುವುದು ನೆನಪು. ಆದ್ದರಿಂದ ಪ್ರತಿ ಪದಕಕ್ಕೂ ಒಂದು ಚೀಟಿ ಬರೆದು, ವರ್ಷ, ಮೈದಾನ, ಸ್ಪರ್ಧೆ, ಸ್ಥಾನ, ತರಬೇತುದಾರರ ಹೆಸರು, ಟ್ರ್ಯಾಕ್ ಮಣ್ಣಿನದೋ ಸಿಂಥೆಟಿಕ್ಕೋ ಎಂಬುದನ್ನು ಪೆನ್ಸಿಲಿನಿಂದಲೇ ದಾಖಲಿಸಿ. 440 ಗಜದ ಓಟವನ್ನು 400 ಮೀಟರ್ ಎಂದು ತಿದ್ದಬೇಡಿ, ಅದು 402.34 ಮೀಟರ್. ಸಮಯವನ್ನು ಸ್ಟಾಪ್‌ವಾಚಿನಿಂದ ಅಳೆದಿದ್ದರೆ ಹಾಗೆಂದೇ ನಮೂದಿಸಿ; 100 ಮೀಟರಿನ ಅಂಥ ಸಮಯವನ್ನು ಎಲೆಕ್ಟ್ರಾನಿಕ್ ಸಮಯದೊಂದಿಗೆ ಹೋಲಿಸುವಾಗ ಸಾಮಾನ್ಯವಾಗಿ 0.24 ಸೆಕೆಂಡು ಸೇರಿಸುತ್ತಾರೆ. ರಿಲೇ ಪದಕವಾದರೆ, ಬ್ಯಾಟನ್ ಹಿಡಿದ ನಾಲ್ವರ ಹೆಸರನ್ನೂ ಓಡಿದ ಕ್ರಮದಲ್ಲೇ ಬರೆಯಿರಿ.